ಗುಟ್ಕಾ ಬಿಟ್ಟ ಮೇಲೆ ಬರೀ ಅಡಿಕೆ ಜಗಿಯಬಹುದೇ?

ಗುಟ್ಕಾ ಬಿಟ್ಟು ಮೂರು ತಿಂಗಳಾಯ್ತು, ಬದಲಿಗೆ ದಿನಕ್ಕೆ ಎಷ್ಟು ಅಡಿಕೆ ಜಗಿದರೆ ತೊಂದರೆ ಇಲ್ಲ ಎಂದು ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಏಳು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಗುಟ್ಕಾ ಚಟ ಹತ್ತಿದ್ದು ಕಾಲೇಜಿನಲ್ಲಿ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಗೂಡಂಗಡಿಯಲ್ಲಿ ಪಾನ್ ಮಸಾಲಾ ಬೇರೆ, ತಂಬಾಕು ಬೇರೆ ಪ್ಯಾಕೆಟ್ ಸಿಗುತ್ತಿತ್ತು. ಬೆರೆಸಿ ಹಾಕಿಕೊಳ್ಳುತ್ತಿದ್ದೆ. ಮಗಳು ಹುಟ್ಟಿದ ವರ್ಷ ಬಿಟ್ಟೆ. ಆದರೆ ಬಾಯಿ ಸುಮ್ನೆ ಇರಬೇಕಲ್ಲ. ಮನೆಯ ಕೆಂಪಡಿಕೆಯನ್ನು ಚೂರು ಮಾಡಿ, ಡಬ್ಬಿಗೆ ತುಂಬಿ ಜೇಬಿನಲ್ಲಿ ಇಟ್ಟುಕೊಂಡೆ.

ತಪ್ಪಾಗಿದ್ದು ಇಲ್ಲೇ. ಅಂಗಡಿಯದರಲ್ಲಿ ಏನೇನೋ ಬೆರೆಸಿರುತ್ತಾರೆ, ಇದು ನಮ್ಮ ತೋಟದ್ದು, ನಮ್ಮ ಅಂಗಳದಲ್ಲೇ ಬೇಯಿಸಿ ಒಣಗಿಸಿದ್ದು ಎಂದು ನಂಬಿದ್ದೆ. ಅಜ್ಜ ಎಂಬತ್ತರವರೆಗೂ ಎಲೆಅಡಿಕೆ ಕವಳ ಹಾಕಿದವರು, ಅವರಿಗೇನಾಯ್ತು ಎನ್ನುತ್ತಿದ್ದೆ. ವಿಷವೆಲ್ಲ ತಂಬಾಕಿನಲ್ಲಿದೆ, ಅಡಿಕೆ ಪಾಪದ್ದು ಎಂದುಕೊಂಡಿದ್ದೆ. ಹಾಗಿಲ್ಲ. ಅಡಿಕೆಯೊಳಗೇ ಅರೆಕೋಲಿನ್ ಎಂಬ ರಾಸಾಯನಿಕ ಇದೆ. ಮತ್ತೆ ಮತ್ತೆ ಬೇಕು ಅನಿಸುವುದು ಅದರಿಂದ. ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಯುವುದರಲ್ಲೂ ಅದರ ಕೈವಾಡವಿದೆ. ಯಾರ ತೋಟದ್ದಾದರೂ ಅಷ್ಟೇ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ಹೇಳಿತ್ತು. ಅಡಿಕೆ ದುಡ್ಡಿನಲ್ಲೇ ಓದಿದ ನನಗೆ ಇದನ್ನು ಬರೆಯುವುದು ಸುಲಭವಲ್ಲ.

ಮೊದಲು ಸಾರು ಉರಿಯತೊಡಗಿತು. ಖಾರ ಜಾಸ್ತಿ ಹಾಕುತ್ತೀಯ ಎಂದು ಹೆಂಡತಿಯ ಮೇಲೆ ರೇಗಿದೆ. ಬಾಯಿಹುಣ್ಣು ಇರಬೇಕೆಂದು ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ಒಂದೂವರೆ ವರ್ಷ ನುಂಗಿದೆ. ಅಷ್ಟೂ ದಿನ ಅಡಿಕೆ ಕೆನ್ನೆಯಲ್ಲೇ ಇತ್ತು. ಕೊನೆಗೆ ಹಲ್ಲುನೋವೆಂದು ಹೋದಾಗ ಡಾಕ್ಟರು, ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಬಾಯಿಗೆ ಹಾಕಿ ಎಂದರು. ಎರಡೇ ಹೋದವು. ಕೆನ್ನೆಯೊಳಗೆ ಹುರಿ ಬಿಗಿದಂತಿತ್ತು. ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಹೀಗೆ ನಾರು ಬೆಳೆದು ಬಾಯಿ ಬಿಗಿಯುವ ಕಾಯಿಲೆ ಎಂದರು. ಬೆಳೆದ ನಾರು ಪೂರ್ತಿ ಕರಗುವುದಿಲ್ಲ. ಕೆಲವರಲ್ಲಿ ಅದು ಕ್ಯಾನ್ಸರ್‌ಗೆ ತಿರುಗುತ್ತದೆ.

ಕೆನ್ನೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡೆ. ಐಸ್‌ಕ್ರೀಮ್ ಕಡ್ಡಿಯಂಥವನ್ನು ಹಲ್ಲುಗಳ ನಡುವೆ ಜೋಡಿಸಿ ದಿನಾ ಬಾಯಿ ಹಿಗ್ಗಿಸುತ್ತೇನೆ. 24 ಮಿಲಿಮೀಟರ್ ತೆರೆಯುತ್ತಿದ್ದ ಬಾಯಿ ಈಗ 30ಕ್ಕೆ ಬಂದಿದೆ. ಮಗಳ ಹುಟ್ಟುಹಬ್ಬಕ್ಕೆ ಅವಳು ತಿನ್ನಿಸಲು ತರುವ ಲಾಡನ್ನು ಇವತ್ತಿಗೂ ಮುರಿದೇ ತಿನ್ನಬೇಕು.

ಹಾಗಾಗಿ "ಎಷ್ಟು" ಎಂಬ ಪ್ರಶ್ನೆಯೇ ಬೇಡ. ಸಿಹಿ ಅಡಿಕೆಯೂ ಬೇಡ, ತಂಬಾಕಿಲ್ಲದ ಪಾನ್ ಮಸಾಲಾವೂ ಬೇಡ. ಬಾಯಿಗೆ ಏನಾದರೂ ಬೇಕೇ ಬೇಕೆಂದರೆ ಸೋಂಪು ಇಟ್ಟುಕೊಳ್ಳಿ. ಗುಟ್ಕಾ ಕಡೆಗೇ ಮನಸ್ಸು ಎಳೆದರೆ 1800-11-2356ಕ್ಕೆ ಫೋನ್ ಮಾಡಿ, ತಂಬಾಕು ಬಿಡುವವರಿಗೆಂದೇ ಇರುವ ಉಚಿತ ಸಹಾಯವಾಣಿ ಅದು. ಇವತ್ತೇ ಕನ್ನಡಿ ಮುಂದೆ ನಿಂತು ಮೂರು ಬೆರಳು ಹಾಕಿ ನೋಡಿ. ಹೋಗದಿದ್ದರೆ, ಅಥವಾ ಸಾರು ಉರಿಯುತ್ತಿದ್ದರೆ, ನಾಳೆಯೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿಗೆ ಹೋಗಬೇಡಿ.