ಪ್ರತಿಕ್ರಿಯೆ: 200 ವರ್ಷ ಬಾಗಿಲು ಮುಚ್ಚಿದ್ದ ಜಪಾನ್ ನಾಲ್ಕೇ ಹಡಗಿಗೆ ಮಣಿದದ್ದೇಕೆ?

ಈ ಪ್ರಶ್ನೆಗೆ ನೀವು ಬರೆದ ಉತ್ತರಕ್ಕೆ ಅಂಕ ಕಡಿಮೆ ಬಂದದ್ದು ಬಹುಶಃ 'ಜಪಾನ್ ಪೂರ್ತಿ ಮುಚ್ಚಿತ್ತು' ಎಂದು ಶುರು ಮಾಡಿದ್ದರಿಂದ. ಅದು ಮುಚ್ಚಿರಲಿಲ್ಲ. ನಾಗಸಾಕಿಯಲ್ಲಿ ಚೀನೀಯರೂ 1641ರಿಂದ ಅಲ್ಲಿನ ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಡಚ್ಚರೂ ವ್ಯಾಪಾರ ಮಾಡುತ್ತಿದ್ದರು. ತ್ಸುಷಿಮಾ ಸಂಸ್ಥಾನದ ಮೂಲಕ ಕೊರಿಯಾ, ಸತ್ಸುಮಾ ಸಂಸ್ಥಾನದ ಮೂಲಕ ದಕ್ಷಿಣದ ದ್ವೀಪರಾಜ್ಯ ರ‍್ಯುಕ್ಯು, ಮತ್ಸುಮಾಯೆ ಸಂಸ್ಥಾನದ ಮೂಲಕ ಉತ್ತರದ ಮೂಲನಿವಾಸಿ ಐನು ಜನರ ಸಂಪರ್ಕವಿತ್ತು. ಮೊದಲು ಇದನ್ನು ಎರಡು ಸಾಲಲ್ಲಿ ಮುಗಿಸಿ.

ಆಮೇಲೆ ಸಮುದ್ರಕ್ಕೆ ಬನ್ನಿ, ಅಸಲು ವಿಷಯ ಅಲ್ಲಿದೆ. 1635ರ ಆದೇಶ ಜಪಾನೀಯರ ವಿದೇಶಯಾನವನ್ನೇ ನಿಷೇಧಿಸಿತು. ದ್ವೀಪದೇಶಕ್ಕೆ ನೌಕಾಪಡೆಯೇ ಇಲ್ಲದಂತಾಯಿತು. ಆದರೆ ಆಡಳಿತ ಕೇಂದ್ರವಾದ ಎದೊ (ಇಂದಿನ ಟೋಕಿಯೊ) ನಗರದ ಅಕ್ಕಿ ಬರುತ್ತಿದ್ದದ್ದು ಹೆಚ್ಚಾಗಿ ಕರಾವಳಿ ದೋಣಿಗಳಲ್ಲೇ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿಯ ನಾಲ್ಕು ಹಡಗುಗಳು ಎದೊ ಕೊಲ್ಲಿಯ ಬಾಯಲ್ಲೇ ಲಂಗರು ಹಾಕಿದವು. ಕೊಲ್ಲಿ ಕಟ್ಟಿದರೆ ಊರಿಗೆ ಊಟವಿಲ್ಲ!

ಕೊನೆಗೆ ಹಣ, ಅಂದರೆ ಮಣಿದದ್ದರ ಪರಿಣಾಮ. ಜಪಾನಿನಲ್ಲಿ ಒಂದು ತೂಕ ಚಿನ್ನಕ್ಕೆ ಸುಮಾರು ಐದು ತೂಕ ಬೆಳ್ಳಿ (1:5), ಹೊರಗೆ ಹದಿನೈದು (1:15). 1859ರಲ್ಲಿ ಬಂದರು ತೆರೆದೊಡನೆ ವ್ಯಾಪಾರಿಗಳು ಬೆಳ್ಳಿ ತಂದು ಚಿನ್ನ ಒಯ್ದರು. ಎಷ್ಟು ಹೋಯಿತೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ, ಅಂಕಿ ಬರೆಯಬೇಡಿ. ಅಮೆರಿಕ ಮೊದಲಾದ ದೇಶಗಳೊಡನೆ ಮಾಡಿಕೊಂಡ 1858ರ ಒಪ್ಪಂದಗಳಲ್ಲಿ ಕಳೆದುಕೊಂಡ, ಆಮದು ಸುಂಕವನ್ನು ತಾನೇ ನಿಗದಿ ಮಾಡುವ ಹಕ್ಕು ಪೂರ್ತಿ ಮರಳಿದ್ದು 1911ರಲ್ಲಿ. ಈ ಇಸವಿ ಬಿಡಬೇಡಿ.