ಕೌಂಟರಿನ ಒಳಗಿನ ಮೌನ: ಬ್ಯಾಂಕ್ ವಿಲೀನದ ನಂತರದ ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಯಸ್ಸು, ಊರು, ಸಿಬ್ಬಂದಿಯ ಸಂಖ್ಯೆ ಮೊದಲಾದವನ್ನು ಬದಲಿಸಿದ್ದೇನೆ. ಬ್ಯಾಂಕು ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ.

ನನ್ನ ಬಳಿಗೆ ಬಂದವರು ನಲವತ್ತರ ಆಸುಪಾಸಿನ ಶಾಖಾ ವ್ಯವಸ್ಥಾಪಕಿ. ಧಾರವಾಡದ ಕಡೆಯವರು, ಕರಾವಳಿಯ ಒಂದು ತಾಲ್ಲೂಕು ಕೇಂದ್ರಕ್ಕೆ ವರ್ಗವಾಗಿ ಬಂದು ಹತ್ತು ತಿಂಗಳಾಗಿತ್ತು. ಅವರು ಹೇಳಿಕೊಂಡ ತೊಂದರೆ ನಿದ್ರೆಯದು. ನಸುಕಿನ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಮೊದಲು ವೈದ್ಯರನ್ನು ಕಾಣುವಂತೆ ಹೇಳಿದೆ. ಥೈರಾಯ್ಡ್ ಸರಿಯಿತ್ತು, ಖಿನ್ನತೆಯ ಲಕ್ಷಣಗಳೂ ಚಿಕಿತ್ಸೆ ಬೇಕೆನ್ನುವ ಮಟ್ಟದಲ್ಲಿರಲಿಲ್ಲ. ಆದ್ದರಿಂದ ಎರಡನೆಯ ಭೇಟಿಯಿಂದ ಮಾತು ಕೆಲಸದ ಕಡೆಗೇ ತಿರುಗಿತು. ಅವರ ಅಹವಾಲು ಒಂದೇ ವಾಕ್ಯದಲ್ಲಿತ್ತು: "ಹದಿನಾಲ್ಕು ಮಂದಿ ಅದಾರ ಮೇಡಂ, ಆದ್ರ ಶಾಖೆ ನಡಸಾಕಿ ನಾ ಒಬ್ಬಾಕೀನ ಅನ್ನಿಸ್ತದ."

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ಮುಂದೆ ರಾಷ್ಟ್ರೀಕರಣಗೊಂಡ ಬ್ಯಾಂಕುಗಳು ನಾಲ್ಕು: ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್ ಮತ್ತು ವಿಜಯಾ. ಇವುಗಳಲ್ಲಿ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಸರಿಯಾಗಿ ಒಂದು ವರ್ಷದ ಬಳಿಕ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. 2020ರ ವಿಲೀನ ಜಾರಿಗೆ ಬಂದದ್ದು ಲಾಕ್‌ಡೌನ್ ಆರಂಭವಾದ ಒಂದು ವಾರಕ್ಕೆ. ಬಾಗಿಲು ಅರ್ಧ ತೆರೆದು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಯಾರು ಯಾರಿಗೆ ವಿದಾಯ ಹೇಳಬೇಕಿತ್ತು? ಮನೆಮನೆಗಳಲ್ಲಿ ಮೂರು ತಲೆಮಾರಿನ ಪಾಸ್‌ಬುಕ್ ಇದ್ದ ಬ್ಯಾಂಕುಗಳ ಫಲಕಗಳು ಹೆಚ್ಚು ಸದ್ದಿಲ್ಲದೆ ಇಳಿದವು. ಐಎಫ್‌ಎಸ್‌ಸಿ ಸಂಖ್ಯೆ, ಚೆಕ್ ಪುಸ್ತಕ, ತಂತ್ರಾಂಶ ಬದಲಾದವು. ಆಮೇಲೆ ಒಂದೇ ರಸ್ತೆಯಲ್ಲಿದ್ದ ಶಾಖೆಗಳನ್ನು ಒಂದುಗೂಡಿಸುವ ಕೆಲಸ ಶುರುವಾಯಿತು. ಅಂತಹ ಒಂದು ವಿಲೀನದ ಮಗುವೇ ಈ ಶಾಖೆ: ಎಂಟು ಮಂದಿ ಹಳೆಯ ಬ್ಯಾಂಕಿನವರು, ಆರು ಮಂದಿ ಸೇರಿಸಿಕೊಂಡ ಬ್ಯಾಂಕಿನವರು, ಊಟಕ್ಕೆ ಎರಡು ಮೇಜು. ಹಳಬರು ತಮ್ಮೊಳಗೆ ತುಳುವಿನಲ್ಲಿ ಮಾತಾಡುತ್ತಿದ್ದರು. ವ್ಯವಸ್ಥಾಪಕಿ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು.

ವಲಯ ಕಚೇರಿಯಿಂದ ಸಿಬ್ಬಂದಿಯ 'ಎಂಗೇಜ್‌ಮೆಂಟ್', ಅಂದರೆ ಕೆಲಸದಲ್ಲಿ ಮನಸಾರೆ ತೊಡಗುವಿಕೆ, ಹೆಚ್ಚಿಸಬೇಕೆಂಬ ಸುತ್ತೋಲೆ ಬಂದಿತ್ತು. ನೋಟಿಸ್ ಬೋರ್ಡಿನಲ್ಲಿ ಅದನ್ನು ಓದಿದ ಅಟೆಂಡರ್, "ಯಾರದ್ದು ಮೇಡಂ, ಹುಡುಗಿ ಎಲ್ಲಿಯದ್ದು?" ಎಂದು ಕೇಳಿದರಂತೆ. ನನಗೆ ಆ ಪ್ರಶ್ನೆ ಬರಿಯ ತಮಾಷೆಯಾಗಿ ಕಾಣಲಿಲ್ಲ. ನಮ್ಮಲ್ಲಿ ಆ ಪದಕ್ಕಿರುವ ಅರ್ಥ ನಿಶ್ಚಿತಾರ್ಥ. ಅಲ್ಲಿ ಎರಡು ಕಡೆಯವರೂ ಕೂತು, ಕೇಳಿ, ಒಪ್ಪಿ ತಾಂಬೂಲ ಬದಲಿಸಿಕೊಳ್ಳಬೇಕು. ಈ ಶಾಖೆಯಲ್ಲಿ ಕೂತು ಕೇಳುವ ಕೆಲಸವೇ ಆಗಿರಲಿಲ್ಲ. ಸುತ್ತೋಲೆಯ ಪ್ರಕಾರ ತಿಂಗಳ ಮೊದಲ ಶನಿವಾರ ಹುಟ್ಟುಹಬ್ಬದವರಿಗೆ ಕೇಕ್ ಕತ್ತರಿಸಲಾಯಿತು. ಮೂವತ್ತೆರಡು ವರ್ಷ ಸೇವೆ ಸಲ್ಲಿಸಿದ್ದ ಹೆಡ್ ಕ್ಯಾಷಿಯರ್ ತಮ್ಮ ಪಾಲಿನ ತುಂಡನ್ನು ಬುತ್ತಿಯ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಕೌಂಟರಿಗೆ ಮರಳಿದರು. ಇದನ್ನು ಅವಮಾನವೆಂದು ವ್ಯವಸ್ಥಾಪಕಿ ನನಗೆ ಎರಡು ಸಲ ಹೇಳಿದರು.

ಅವರನ್ನು ನಿಮ್ಮ ಬಳಿಗೇ ಕಳಿಸುತ್ತೇನೆ, ಸ್ವಲ್ಪ ತಿಳಿಹೇಳಿ ಎಂಬ ಕೋರಿಕೆಯೂ ಬಂತು. ನಾನು ಒಪ್ಪಲಿಲ್ಲ. ಮೇಲಧಿಕಾರಿ ಕಳಿಸಿದ ಕಾರಣಕ್ಕೆ ಬಂದು ಕೂರುವ ವ್ಯಕ್ತಿಯೊಂದಿಗೆ ನಡೆಯುವುದು ಆಪ್ತಸಲಹೆಯಲ್ಲ, ಸೌಮ್ಯವಾದ ವಿಚಾರಣೆ. ಅದರ ಬದಲು ಅವರಿಗೇ ಒಂದು ಕೆಲಸ ಕೊಟ್ಟೆ: ಹದಿನಾಲ್ಕು ಹೆಸರು ಬರೆದು, ಪ್ರತಿಯೊಬ್ಬರೂ ಈ ವಿಲೀನದಲ್ಲಿ ಏನನ್ನು ಕಳೆದುಕೊಂಡರು ಎಂದು ಎದುರಿಗೆ ಒಂದೊಂದು ಸಾಲು ಬರೆದು ತನ್ನಿ. ಮುಂದಿನ ವಾರ ತಂದ ಹಾಳೆಯಲ್ಲಿ ಐದೇ ಸಾಲುಗಳಿದ್ದವು. ಉಳಿದವರ ಬಗ್ಗೆ ಗೊತ್ತಿರುವುದು ಅವರ ಠೇವಣಿ ಮತ್ತು ವಿಮೆಯ ಗುರಿಯ ಅಂಕಿಗಳು ಮಾತ್ರ ಎಂದು ಅವರೇ ಹೇಳಿದರು.

ಮೂರನೆಯ ಭೇಟಿಯಲ್ಲಿ, ಅಲ್ಲಿಯವರೆಗೆ ಬಿಟ್ಟಿದ್ದ ಸಂಗತಿಯೊಂದು ಹೊರಬಂತು. ಶಾಖೆಗೆ ಬಂದ ಎರಡನೆಯ ತಿಂಗಳಲ್ಲಿ, ಪಿಂಚಣಿಯ ದಿನ, ಸಾಲು ಬಾಗಿಲವರೆಗೆ ಬೆಳೆದಿದ್ದಾಗ, ಹೆಡ್ ಕ್ಯಾಷಿಯರ್ ಪರದೆಯ ಮೇಲೆ ಮೆನು ಸಂಖ್ಯೆ ಹುಡುಕುತ್ತಿದ್ದರು. ಇವರು ಗ್ರಾಹಕರ ಎದುರಿಗೇ ಏರುದನಿಯಲ್ಲಿ, ಒಂದು ಎಂಟ್ರಿಗೆ ಇಷ್ಟು ಹೊತ್ತೇ ಎಂದು ಕೇಳಿದ್ದರು. ಅವರು ಉತ್ತರಿಸಿದ್ದು ಇಷ್ಟೇ: "ಮಾಡುವುದಿಲ್ಲ ಅಂತ ಅಲ್ಲ ಮೇಡಂ, ಗೊತ್ತಾಗುವುದಿಲ್ಲ."

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೀಲಿ ಆ ಮಾತಿನಲ್ಲಿತ್ತು. ಹಳೆಯ ವ್ಯವಸ್ಥೆಯಲ್ಲಿ ಈ ಮನುಷ್ಯ ಗ್ರಾಹಕರ ಮುಖ ನೋಡಿಯೇ ಖಾತೆ ಹೇಳಬಲ್ಲವರಾಗಿದ್ದರು. ಬೀಡಿ ಕಟ್ಟುವ ಹೆಂಗಸರು ಯಾವ ದಿನ ಹಣ ಕಟ್ಟಲು ಬರುತ್ತಾರೆ, ಮಳೆಗಾಲದ ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲಿ ಯಾರ ಮನೆಯ ಚಿನ್ನ ಅಡವಿಗೆ ಬರುತ್ತದೆ ಎಂಬುದೆಲ್ಲ ಅವರಿಗೆ ಕರತಲಾಮಲಕವಾಗಿತ್ತು. ಹೊಸ ತಂತ್ರಾಂಶದ ಎದುರು ಅವರು ಇಪ್ಪತ್ತಾರರ ಹುಡುಗನನ್ನು ದಿನಕ್ಕೆ ಹತ್ತು ಸಲ ಕೇಳಬೇಕಾಗಿ ಬಂತು. ವಿಲೀನ ಅವರ ಸಂಬಳವನ್ನು ಮುಟ್ಟಲಿಲ್ಲ. ಮುಟ್ಟಿದ್ದು ಬಲ್ಲವರೆಂಬ ಅವರ ಸ್ಥಾನವನ್ನು. ನಾವು ನಿರಾಸಕ್ತಿ ಎಂದು ಕರೆಯುವುದು ಬಹಳ ಸಲ ಯಾರೂ ಬಂದು ಮಾತಾಡಿಸದ ಸೂತಕವಾಗಿರುತ್ತದೆ.

ಅಮೆರಿಕದ ವಿದ್ವಾಂಸ ವಿಲಿಯಂ ಕಾನ್ ಅವರು 1990ರಲ್ಲಿ, ಒಂದು ಬೇಸಿಗೆ ಶಿಬಿರ ಮತ್ತು ಒಂದು ವಾಸ್ತುಶಿಲ್ಪ ಸಂಸ್ಥೆಯ ನೌಕರರನ್ನು ಗಮನಿಸಿ, ಜನ ಕೆಲಸದಲ್ಲಿ ಮನಸಾರೆ ತೊಡಗುವುದಕ್ಕೆ ಮೂರು ಸ್ಥಿತಿಗಳನ್ನು ಗುರುತಿಸಿದರು: ಮಾಡುವ ಕೆಲಸಕ್ಕೆ ಅರ್ಥವಿದೆ ಎನ್ನಿಸಬೇಕು, ಬಾಯಿಬಿಟ್ಟರೆ ಪೆಟ್ಟು ಬೀಳುವುದಿಲ್ಲ ಎಂಬ ಭರವಸೆಯಿರಬೇಕು, ದುಡಿಯಲು ಒಳಗೆ ತ್ರಾಣ ಉಳಿದಿರಬೇಕು. ಇದನ್ನು ವ್ಯವಸ್ಥಾಪಕಿಗೆ ವಿವರಿಸಿದಾಗ, "ಮೂರನೂ ನಾನೇ ಕೆಡಿಸೇನಿ ಅಂತೀರೇನು?" ಎಂದರು. ಇಲ್ಲ, ಮೊದಲನೆಯದನ್ನು ವಿಲೀನ ಕೆಡಿಸಿತ್ತು, ಮೂರನೆಯದನ್ನು ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ ಗುರಿಯ ಸಂದೇಶಗಳು ಕೆಡಿಸುತ್ತಿದ್ದವು. ಎರಡನೆಯದು ಮಾತ್ರ ಅವರ ಕೈಯಲ್ಲೇ ಇತ್ತು. ಆದ್ದರಿಂದ ಅಲ್ಲಿಂದಲೇ ಆರಂಭಿಸಲು ನಿರ್ಧರಿಸಿದೆವು.

ನಾನು ಕೊಟ್ಟ ಮೊದಲ ಸಲಹೆ, ಮತ್ತು ಅವರಿಗೆ ಅತ್ಯಂತ ಕಷ್ಟವಾದದ್ದು, ಕ್ಷಮೆ ಕೇಳುವುದು. ಅದೂ ಕ್ಯಾಬಿನ್ನಿನೊಳಗೆ ಕರೆಸಿ ಅಲ್ಲ. ಮಾತು ಬಿದ್ದದ್ದು ಎಲ್ಲರ ಎದುರಿಗೆ, ಆದ್ದರಿಂದ ಸಹೋದ್ಯೋಗಿಗಳೆಲ್ಲ ಇರುವಾಗ ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬೇಕು. ಒತ್ತಡವಿತ್ತು, ಸಾಲು ದೊಡ್ಡದಿತ್ತು ಎಂಬ ಸಮಜಾಯಿಷಿ ಕೂಡದು. ಅಧಿಕಾರದ ತೂಕ ಕಡಿಮೆಯಾಗುತ್ತದೆಂಬ ಭಯದಿಂದ ಅವರು ಮೂರು ವಾರ ಮುಂದೂಡಿದರು. ಕೊನೆಗೆ ಹೇಳಿದಾಗ ಹೆಡ್ ಕ್ಯಾಷಿಯರ್ "ಇರಲಿ ಮೇಡಂ" ಎಂದದ್ದು ಬಿಟ್ಟರೆ ಆ ದಿನ ಬೇರೇನೂ ಆಗಲಿಲ್ಲ. ಏನಾದರೂ ಆಗುತ್ತದೆಂದು ನಾನು ಭರವಸೆ ಕೊಟ್ಟಿರಲಿಲ್ಲ.

ಎರಡನೆಯದು ಬೆಳಗಿನ ಹತ್ತು ನಿಮಿಷ. ವರ್ಗಾವಣೆ, ಶಾಖೆಯ ಜಾಗ, ಸೇವಾ ಜ್ಯೇಷ್ಠತೆ ಇವುಗಳ ಬಗ್ಗೆ ಗಾಳಿಮಾತು ಹಬ್ಬಿತ್ತು. ತನಗೂ ಗೊತ್ತಿಲ್ಲವೆಂದು ಒಪ್ಪಿಕೊಳ್ಳಲಾಗದೆ ವ್ಯವಸ್ಥಾಪಕಿ ಸುಮ್ಮನಿರುತ್ತಿದ್ದರು. ಆ ಮೌನವನ್ನು ಸಿಬ್ಬಂದಿ ಮುಚ್ಚುಮರೆ ಎಂದು ಓದುತ್ತಿದ್ದರು. ವಾರಕ್ಕೊಮ್ಮೆ ಬಾಗಿಲು ತೆರೆಯುವ ಮೊದಲು ನಿಂತು, ಮೇಲಿನಿಂದ ಏನು ತಿಳಿದಿದೆ, ಏನು ತಿಳಿದಿಲ್ಲ, ಮತ್ತೆ ಯಾವಾಗ ಹೇಳುತ್ತೇನೆ ಎಂಬಿಷ್ಟನ್ನೇ ಹೇಳುವಂತೆ ಸೂಚಿಸಿದೆ. ಗುರಿಯ ಮಾತು ಅಲ್ಲಿ ಬರಬಾರದು. ಹಾಗೆಯೇ ವಲಯ ಕಚೇರಿಯ ರಾತ್ರಿಯ ಸಂದೇಶಗಳನ್ನು ತುರ್ತಿಲ್ಲದಿದ್ದರೆ ಆ ಹೊತ್ತಿಗೆ ಶಾಖೆಯ ಗುಂಪಿಗೆ ದಾಟಿಸದೆ ಬೆಳಗ್ಗೆ ಕಳಿಸಲು ಒಪ್ಪಿದರು. ಮಾಳಿಗೆಯ ನೀರನ್ನು ನಡುಮನೆಗೆ ಸುರಿಯದೆ ತಡೆದು ನಿಲ್ಲಿಸುವುದೂ ಮುಂದಾಳಿನ ಕೆಲಸವೇ. ಆದರೆ ಅದರಿಂದ ಅವರ ಸ್ವಂತ ನಿದ್ರೆ ಸ್ವಲ್ಪ ಕಾಲ ಇನ್ನಷ್ಟು ಕೆಟ್ಟಿತು ಎಂಬುದನ್ನೂ ದಾಖಲಿಸಬೇಕು.

ಮೂರನೆಯದಾಗಿ, ಸಣ್ಣದಾದರೂ ನಿಜವಾದ ಒಂದು ನಿರ್ಧಾರವನ್ನು ಸಿಬ್ಬಂದಿಗೇ ಬಿಟ್ಟುಕೊಡಲು ಹೇಳಿದೆ. ಕೌಂಟರುಗಳ ಹಂಚಿಕೆ ಮತ್ತು ಊಟದ ಪಾಳಿಯನ್ನು ಅವರೇ ಕೂತು ಗೊತ್ತುಮಾಡಿದರು. ವ್ಯವಸ್ಥಾಪಕಿಗೆ ಹಿಡಿಸದ ಏರ್ಪಾಡೇ ಬಂತು: ಚಿನ್ನದ ಸಾಲದ ಕೌಂಟರಿಗೆ ಹೆಡ್ ಕ್ಯಾಷಿಯರ್ ಪಕ್ಕದಲ್ಲೇ ಆ ಇಪ್ಪತ್ತಾರರ ಹುಡುಗನನ್ನು ಕೂರಿಸಬೇಕೆಂದು ಕೇಳಿದರು. ಕೊಟ್ಟ ಮಾತಿನಂತೆ ವ್ಯವಸ್ಥಾಪಕಿ ಅದನ್ನು ಬದಲಿಸದೆ ಬಿಟ್ಟರು. ಎರಡು ತಿಂಗಳಲ್ಲಿ ಹುಡುಗ ಮೆನು ಸಂಖ್ಯೆ ಹೇಳಿಕೊಡುತ್ತಿದ್ದ, ಹಿರಿಯರು ಗ್ರಾಹಕರ ಜಾತಕ ಹೇಳಿಕೊಡುತ್ತಿದ್ದರು. ದಾಸ್ತಾನು ಕೋಣೆಯಲ್ಲಿ ಹಳೆಯ ಲೆಡ್ಜರುಗಳ ಕೆಳಗೆ ಬಿದ್ದಿದ್ದ ಹಳೆಯ ಶಾಖೆಯ ಉದ್ಘಾಟನೆಯ ಫೋಟೋವನ್ನು ಒರೆಸಿ ಊಟದ ಕೋಣೆಯಲ್ಲಿ ತೂಗುಹಾಕಿದ್ದು ನನ್ನ ಸಲಹೆಯಲ್ಲ. ಅದು ವ್ಯವಸ್ಥಾಪಕಿಗೆ ತಾನಾಗಿ ಹೊಳೆದದ್ದು.

ಎಲ್ಲವೂ ನೇರವಾಗಲಿಲ್ಲ. ಗುಮಾಸ್ತೆಯೊಬ್ಬರು ವರ್ಗಾವಣೆ ಕೇಳಿ ಹೊರಟೇಹೋದರು. ಊಟದ ಮೇಜುಗಳು ಈಗಲೂ ಎರಡೇ, ಕೂರುವವರು ಮಾತ್ರ ಅದಲುಬದಲಾಗುತ್ತಾರೆ. ಕೇಕ್ ಕತ್ತರಿಸುವುದು ನಿಂತಿಲ್ಲ, ಸುತ್ತೋಲೆ ಜಾರಿಯಲ್ಲಿದೆ. ವ್ಯವಸ್ಥಾಪಕಿ ಈಗ ಐದು ಗಂಟೆಯವರೆಗೆ ಮಲಗುತ್ತಾರೆ, ತುಳುವಿನಲ್ಲಿ "ವನಸ್ ಆಂಡಾ" (ಊಟ ಆಯಿತಾ) ಎಂದು ಕೇಳಿ ನಗೆಪಾಟಲಾಗುವಷ್ಟು ಧೈರ್ಯ ಬಂದಿದೆ.

ಕೊನೆಯ ಭೇಟಿಗೆ ಅವರು ವರ್ಗಾವಣೆಯ ಆದೇಶ ಹಿಡಿದು ಬಂದಿದ್ದರು. ಬ್ಯಾಂಕಿನಲ್ಲಿ ಅಧಿಕಾರ ಹಸ್ತಾಂತರಿಸುವಾಗ ಬೀಗದ ಕೈ, ನಗದು, ಅಡವಿಟ್ಟ ಚಿನ್ನ ಎಲ್ಲವನ್ನೂ ಲೆಕ್ಕ ಹಾಕಿ ಸಹಿ ಮಾಡುತ್ತಾರೆ; ಸಿಬ್ಬಂದಿಗೆ ಕೊಟ್ಟ ಮಾತುಗಳಿಗೆ ಅಲ್ಲಿ ಅಂಕಣವಿಲ್ಲ. ಇನ್ನೂ ಈಡೇರದ ಮೂರು ಮಾತುಗಳನ್ನು ಬೇರೆ ಹಾಳೆಯಲ್ಲಿ ಬರೆದು ಮುಂದಿನವರಿಗೆ ಕೊಡುವಂತೆ ಹೇಳಿದೆ. ಬರೆದು ಹೆಡ್ ಕ್ಯಾಷಿಯರಿಗೆ ತೋರಿಸಿದರಂತೆ. ಅವರು ಓದಿ, ನಾಲ್ಕನೆಯದೊಂದನ್ನು ನೆನಪಿಸಿದರಂತೆ.