ಕಳವನ್ನು ತಪ್ಪೆಂದು ಎಣಿಸದ ಸಮಾಜವಿದ್ದರೆ ನೈಸರ್ಗಿಕ ನಿಯಮ ಉಳಿಯುವುದೇ?
ಕಳವನ್ನೇ ಒಪ್ಪುವ ಜನಾಂಗವಿದ್ದರೆ, ವಿವೇಕದಿಂದಲೇ ತಿಳಿಯಬಹುದಾದ, ಎಲ್ಲರಿಗೂ ಅನ್ವಯಿಸುವ ನೀತಿ, ಅಂದರೆ ನೈಸರ್ಗಿಕ ನಿಯಮವೆಂಬುದು ಬರಿಯ ಕಲ್ಪನೆಯಲ್ಲವೇ ಎಂದು ತಾವು ಕೇಳಿದ್ದೀರಿ. 13ನೆಯ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಈ ತೊಡಕನ್ನು ತಾವೇ ಎತ್ತಿಕೊಂಡು, ಕಳವನ್ನು ತಪ್ಪೆಂದು ಎಣಿಸದ ಜರ್ಮಾನಿಕ್ ಬುಡಕಟ್ಟುಗಳ ಬಗ್ಗೆ ರೋಮನ್ ಸೇನಾನಿ ಜೂಲಿಯಸ್ ಸೀಸರ್ ಬರೆದದ್ದನ್ನು ಉದಾಹರಿಸುತ್ತಾರೆ. ಒಳಿತನ್ನು ಮಾಡಬೇಕು, ಕೆಡುಕನ್ನು ತೊರೆಯಬೇಕು ಎಂಬ ಮೂಲತತ್ತ್ವ ಯಾರ ಮನಸ್ಸಿನಿಂದಲೂ ಅಳಿಯದು, ಆದರೆ ಅದರಿಂದ ಹೊರಡುವ ನಿರ್ದಿಷ್ಟ ವಿಧಿಗಳು ಕೆಟ್ಟ ರೂಢಿಯಿಂದ ಮಸುಕಾಗಬಲ್ಲವು ಎಂಬುದು ಅವರ ಉತ್ತರ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ರೂಢಿಯೊಂದನ್ನು ಕೆಟ್ಟದ್ದೆಂದು ತೀರ್ಮಾನಿಸುವವರೂ ಒಂದು ಸಂಸ್ಕೃತಿಯೊಳಗೇ ನಿಂತವರಲ್ಲವೇ? ಆದರೆ ಸೀಸರನ ಮಾತನ್ನು ಗಮನವಿಟ್ಟು ಓದಿದರೆ, ಅಪಕೀರ್ತಿ ತರದೆ ಇದ್ದದ್ದು ಗಡಿಯಾಚೆ ನಡೆಸಿದ ಸುಲಿಗೆ ಮಾತ್ರ (ಯುವಕರ ಸೋಮಾರಿತನ ಕಳೆಯಲು ಅದು ಬೇಕೆಂದು ಆ ಬುಡಕಟ್ಟಿನವರು ಸಮರ್ಥಿಸಿಕೊಳ್ಳುತ್ತಿದ್ದರಂತೆ). ತಮ್ಮವರೊಳಗಿನ ಕಳವಿಗೆ ಆ ರಿಯಾಯಿತಿ ಇತ್ತೆಂದು ಅವನು ಹೇಳಿಲ್ಲವಾದ್ದರಿಂದ, ತಮ್ಮ ಆಕ್ಷೇಪಕ್ಕೆ ಈ ನಿದರ್ಶನ ಸಾಲದು.